ಟೇಪಿಗೆ ಸಿಗದ ಮುಖ

ಉಕ್ಸುಕ್ತೂಕ್
19 ಅಕ್ಟೋಬರ್ 2023

ನನ್ನ ಪ್ರೀತಿಯ ಅಪ್ಪ ನಗ್ಯುಕ್‌ಗೆ,

ನಿನ್ನ ಮಗಳು ಉವ್ಲೂರಿಯಾಕ್ ಬರೆಯುತ್ತಿದ್ದೇನೆ. ಇಲ್ಲಿ ನಾನು ಬದುಕಿದ್ದೇನೆ, ಸೊಂಟ ಮಾತ್ರ ನನಗಿಂತ ಮುಂಚೆ ಹೊರಟುಹೋಗಿದೆ. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಅದೇ ವಿಮಾನದಲ್ಲಿ ನೀನು ಕಳುಹಿಸಿದ ಬೂಟೂ ಬಂತು. ಬೂಟನ್ನು ಅವತ್ತೇ ಹಾಕಿಕೊಂಡು ಊರೆಲ್ಲ ತಿರುಗಿ ಬಂದೆ. ಕಾಗದಕ್ಕೆ ಮಾತ್ರ ಇವತ್ತು ಕುಳಿತಿದ್ದೇನೆ. ಕಣ್ಣು ಮಂಜಾಗಿದೆ, ಬೆರಳು ಮಡಚುವುದಿಲ್ಲ, ಮೀನು ಒಣಗಿಸುವ ಕಾಲ ಬಂತು ಎಂದು ನೂರು ನೆಪ ಹೇಳಬಲ್ಲೆ. ಹೇಳುವುದಿಲ್ಲ. ನೀನು ಕೇಳಿದ ಪ್ರಶ್ನೆಗೆ ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ, ಅದಕ್ಕೇ ತಡ. ಕ್ಷಮಿಸು.

ಅರವತ್ತಮೂರರ ಅಜ್ಜಿ ತನ್ನ ಇಪ್ಪತ್ತೆರಡರ ಮೊಮ್ಮಗಳನ್ನು ಅಪ್ಪಾ ಎನ್ನುವುದನ್ನು, ಮೊಮ್ಮಗಳು ಅಜ್ಜಿಯನ್ನು ಮಗಳೇ ಎನ್ನುವುದನ್ನು ಫೋನಿನಲ್ಲಿ ಕೇಳಿ ನಿನ್ನ ಆಫೀಸಿನ ಹೊಸಬರು ನಗುತ್ತಾರೆಂದು ಬರೆದಿದ್ದೀಯ. ನಗಲಿ ಬಿಡು. ನೀನು ಹುಟ್ಟಿದ ದಿನ ಉಸಿರುಗಟ್ಟುವಂತೆ ಅಳುತ್ತಿದ್ದೆ. ತೀರಿಕೊಂಡ ಯಾರ್ಯಾರದೋ ಹೆಸರು ಹೇಳಿ ನೋಡಿದೆವು. ನನ್ನ ಅಪ್ಪನ ಹೆಸರು ಹೇಳಿದ ಕೂಡಲೇ ಸುಮ್ಮನಾಗಿ ನನ್ನನ್ನೇ ನೋಡಿದೆ. ಹೆಸರಿನ ಜೊತೆ ಸತ್ತವರೂ ಮರಳಿ ಬರುತ್ತಾರಲ್ಲ, ಅವತ್ತಿನಿಂದ ನೀನು ನನ್ನ ಅಪ್ಪ. ಅಪ್ಪನಾದವನು ಚಳಿಗಾಲದಲ್ಲಿ ಟೊಪ್ಪಿ ಇಲ್ಲದೆ ವಿಮಾನ ನಿಲ್ದಾಣದ ಮೆಕ್ಯಾನಿಕ್ ಜೊತೆ ತಿರುಗುತ್ತಾನೆಂದು ನಿನ್ನ ತಾಯಿ ದೂರು ಹೇಳಿದ್ದಾಳೆ. ವಯಸ್ಸಿಗೆ ತಕ್ಕ ಬುದ್ಧಿ ಬೇಡವೇ, ನಿನಗೀಗ ನೂರ ಹದಿನೆಂಟು.

ಈ ವರ್ಷ ಇನ್ನೂ ಕೊಲ್ಲಿ ಹೆಪ್ಪುಗಟ್ಟಿಲ್ಲ. ಅಂಚಿನಲ್ಲಿ ಮಾತ್ರ ಬೂದುಬಣ್ಣದ ಪೊರೆ ಬಂದಿದೆ, ಅದರ ಮೇಲೆ ನರಿ ಕೂಡ ಕಾಲಿಡುವುದಿಲ್ಲ. ಆಗಸ್ಟಿನಲ್ಲಿ ಹಿಂದಿನ ಕಾಲದಲ್ಲಿ ಮುಳುಗಿದ ಬಿಳಿಯರ ಹಡಗು ಹುಡುಕುವವರ ಕಚೇರಿ ಮುಚ್ಚಿತು. ಕಬ್ಬಿಣದ ಪೆಟ್ಟಿಗೆಗಳಲ್ಲಿ ಯಂತ್ರಗಳನ್ನೆಲ್ಲ ತುಂಬಿ ಸಾಗಣೆ ದೋಣಿಗೆ ಹೇರಿದರು. ಹೊಸ ನಾಯಕಿಯೊಬ್ಬಳು ಬಂದಿದ್ದಳು, ಸಮುದಾಯ ಭವನದಲ್ಲಿ ಎಲ್ಲರ ಕೈ ಕುಲುಕಿದಳು. ಹಡಗು ಸಿಗಲಿಲ್ಲ, ಇನ್ನು ಹುಡುಕುವುದಿಲ್ಲ, ನಿಮ್ಮ ಸಹಕಾರಕ್ಕೆ ಕೃತಜ್ಞತೆ ಎಂದಳು. ಆಮೇಲೆ ಕೇಕು ಹಂಚಿದರು. ನಲವತ್ತು ವರ್ಷಕ್ಕೂ ಹೆಚ್ಚು ಹುಡುಕಿದ್ದರ ಕೊನೆ ಒಂದು ತುಂಡು ಕೇಕು. ನಾನು ತಿಂದೆ, ಚೆನ್ನಾಗಿತ್ತು.

ಪಕ್ಕದ ಮನೆಯ ಕಿಲ್ಲಾಕ್ ನಿನಗೆ ನೆನಪಿರಬೇಕು, ದೊಡ್ಡ ದನಿಯವಳು. ಅವಳ ಮಗಳಿಗೆ ದಿನ ತುಂಬಿದೆ. ಹೋದ ವಾರ ಕಿಲ್ಲಾಕ್ ಒಂದು ತುಂಡು ಹಸಿ ಮೀನು ಹಿಡಿದುಕೊಂಡು ಬಂದು, ಹುಟ್ಟುವ ಮಗುವಿಗೆ ನನ್ನ ಮಗ ಮಾರ್ಕೂಸೀಯ, ಅಂದರೆ ನಿನ್ನ ತಂದೆಯ, ಹೆಸರು ಕೊಡು ಎಂದು ಕೇಳಿದಳು. ಹೀಗೆ ಕೇಳಿದವರಲ್ಲಿ ಅವಳು ನಾಲ್ಕನೆಯವಳು. ನಾನು ಚಹಾ ಬಗ್ಗಿಸಿದೆ.

"ಹನ್ನೊಂದು ವರ್ಷ ಆಯ್ತು ಕಣೇ," ಎಂದಳು ಕಿಲ್ಲಾಕ್. "ಹೆಸರನ್ನ ಎಷ್ಟು ದಿನ ಅಂತ ಹೊರಗೆ ಚಳೀಲಿ ನಿಲ್ಲಿಸ್ತೀಯ? ಮೈ ಸಿಕ್ಕಿಲ್ಲ ಅಂತ ಕಾಯ್ತಿದ್ದೀಯಾ? ಮೈ ಸಿಗಲ್ಲ. ಅವನಾದ್ರೂ ಮನೆಗೆ ಬರ್ಲಿ ಬಿಡು."

ನಿನ್ನ ತಂದೆ ಮಾರ್ಕೂಸೀ ನೀರಿಗೆ ಹೋದಾಗ ನಿನಗೆ ಹನ್ನೊಂದು ವರ್ಷ. ಅವನ ಹೆಸರನ್ನು ನಾನು ಯಾವ ಮಗುವಿಗೂ ಬಿಟ್ಟುಕೊಟ್ಟಿಲ್ಲ. ಮೈ ಸಿಗದ ತಾಯಿಯ ಸಂಕಟ ಎಂದು ಊರವರೆಲ್ಲ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿಯಲು ಬಿಟ್ಟಿದ್ದೇನೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ಸೇರಿದೆ ಎಂದಾಗಲೇ ನಾನು ದಿನ ಎಣಿಸತೊಡಗಿದ್ದೆ. ಒಂದಲ್ಲ ಒಂದು ದಿನ ಆ ಟೇಪು ನಿನ್ನ ಕೈಗೆ ಬರುತ್ತದೆಂದು ಗೊತ್ತಿತ್ತು. ಬಂತು. ನಿನ್ನದೇ ಹಳೆಯ ದನಿಯನ್ನು, ನನ್ನ ಹೆತ್ತ ಅಪ್ಪನ ದನಿಯನ್ನು, ನೀನು ಕೇಳಿದೆ. ನಾಲ್ಕು ಕಡೆ ಬಿಳಿಯ ಮನುಷ್ಯ ಏನೋ ಕೇಳುತ್ತಾನೆ, ಮುದುಕ ಮಾತಾಡುವುದಿಲ್ಲ, ಬರೀ ಬಟ್ಟಲಿನ ಸದ್ದು, ನಾಯಿಯ ಸದ್ದು. ಟೈಪು ಮಾಡಿದ ಹಾಳೆಯಲ್ಲಿ ಆ ನಾಲ್ಕೂ ಕಡೆ 'ಉತ್ತರವಿಲ್ಲ' ಎಂದಿದೆ. 'ಮಗಳೇ, ನಾನು ಆಗ ಏನು ಮಾಡುತ್ತಿದ್ದೆ?' ಎಂದು ಕೇಳಿದ್ದೀಯ. ಗೊಂದಲವಾಗದಿರಲಿ ಎಂದು ಆಗಿನ ನಗ್ಯುಕ್‌ನನ್ನು ಮುದುಕ ಎಂದೇ ಬರೆಯುತ್ತೇನೆ. ಮುದುಕ ನೀನೇ, ಬೇಸರಪಟ್ಟುಕೊಳ್ಳಬೇಡ.

ಅದು 1979ರ ಮಾರ್ಚ್. ನನಗೆ ಹತ್ತೊಂಬತ್ತು. ವಸತಿ ಶಾಲೆಯಲ್ಲಿ ಹೊಡೆಸಿಕೊಂಡು ಕಲಿತ ಇಂಗ್ಲಿಷು ನಾಲಿಗೆಯ ಮೇಲಿತ್ತು, ಆದ್ದರಿಂದ ಹಡಗಿನ ಕಥೆ ಕೇಳಲು ಬಂದವನಿಗೆ ನಾನೇ ದುಭಾಷಿ. ಆ ಬಿಳಿಯ ಯಾವಾಗಲೂ ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಳ್ಳುತ್ತಿದ್ದ, ಊರಲ್ಲಿ ಅವನ ಹೆಸರೇ ಪೆನ್ಸಿಲು ಎಂದಾಯಿತು. ಒಳ್ಳೆಯವನು. ನೆಲದ ಮೇಲೆ ನಕ್ಷೆ ಹರಡಿ, ಟೇಪ್ ರೆಕಾರ್ಡರನ್ನು ಮಗುವಿನಂತೆ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ.

ಮುದುಕನಿಗೆ ಒಂದು ನಿಯಮವಿತ್ತು. ಕಂಡದ್ದನ್ನು ಹೇಳಬೇಕು, ಇಲ್ಲವೇ ಕಂಡವರ ಬಾಯಿಂದ ಕೇಳಿದ್ದನ್ನು ಹೇಳಬೇಕು, ಅದರಾಚೆ ಒಂದು ಮಾತೂ ಕೂಡದು. ಅವನ ಅಜ್ಜಿ ಹುಡುಗಿಯಾಗಿದ್ದಾಗ ಹಡಗು ಕಂಡಿದ್ದಳು. ಟೇಪಿನಲ್ಲಿ ಅದನ್ನು ನೀನೂ ಕೇಳಿದ್ದೀಯ: "ನನ್ನಜ್ಜಿ ನೋಡಿದ್ದು ಇಷ್ಟೇ. ಮಂಜುಗಡ್ಡೆ ಮೇಲೆ ಒಂದು ಮರ ನಿಂತಿತ್ತು. ನಮ್ಮ ಸೀಮೇಲಿ ಮರ ಎಲ್ಲಿದೆ? ಅದಕ್ಕೇ ನೆನಪಿಟ್ಕೊಂಡ್ಲು." ಕೆಳಗೆ ಹಡಗು ಮುಳುಗಿತ್ತು, ಅದರ ಕಂಬ ಮಾತ್ರ ಮೇಲಿತ್ತು. ಅವಳ ಮನೆಯವರು ಅಲ್ಲಿಗೆ ನಡೆದುಹೋಗಿ ಹಲಗೆ ತಂದರು, ತಾಮ್ರದ ಮೊಳೆ ತಂದರು. ನಿನ್ನ ತಾಯಿಯ ಹತ್ತಿರ ಇರುವ ಹಿಮ ಕತ್ತರಿಸುವ ಚಾಕುವಿನ ಹಿಡಿಯಲ್ಲಿ ಆ ಮೊಳೆ ಇನ್ನೂ ಇದೆ.

ಎಲ್ಲಿ ಎಂಬುದೇ ಪ್ರಶ್ನೆ. ಪೆನ್ಸಿಲು ನಕ್ಷೆಯ ಮೇಲೆ ಬಗ್ಗಿ, ಪಶ್ಚಿಮದ ಜಲಸಂಧಿಯಲ್ಲೇ ಎಂದು ಕೇಳಿದ. ಬಿಳಿಯರ ಹಳೆಯ ಪುಸ್ತಕವೊಂದರಲ್ಲಿ ಹಾಗಿತ್ತಂತೆ. ಮುದುಕ ಮೂಗು ಸುಕ್ಕಿಸಿದ. ಪೆನ್ಸಿಲು ಇನ್ನೊಂದು ಗುರುತು ಹಾಕಿ, ಜಲಸಂಧಿಯ ಈ ಕಡೆಯೇ ಎಂದ. ಮುದುಕ ಮತ್ತೆ ಮೂಗು ಸುಕ್ಕಿಸಿದ. ಆ ಕಡೆಯೇ ಎಂದು ಪೆನ್ಸಿಲು ಕೇಳಿದ. ಮುದುಕ ಇನ್ನೂ ಜೋರಾಗಿ ಸುಕ್ಕಿಸಿದ. ಹಿರಿಯರನ್ನು ಒಂದೇ ವಿಷಯ ಮೂರು ಸಲ ಕೇಳುವುದುಂಟೇ ಎಂದು ಮುದುಕನಿಗೆ ಸಿಟ್ಟು ಬಂದದ್ದು ನನಗೆ ತಿಳಿಯಿತು. ಕೊನೆಗೆ ಪೆನ್ಸಿಲು, ಹಾಗಾದರೆ ದಕ್ಷಿಣದ ಚಪ್ಪಟೆ ದ್ವೀಪದ ಹತ್ತಿರವೇ ಎಂದ. ಮುದುಕ ಎರಡೂ ಹುಬ್ಬು ಎತ್ತಿದ, ಎತ್ತಿ ನನ್ನ ಕಡೆ ನೋಡಿದ, ಬಟ್ಟಲು ಕೆಳಗಿಟ್ಟ.

ಮೂರು ಸಲ ಇಲ್ಲ, ಒಂದು ಸಲ ಹೌದು. ನಮ್ಮಲ್ಲಿ ಮೂಗು ಸುಕ್ಕಿಸಿದ ಮೇಲೆ ಬಾಯಿಯಲ್ಲಿ ಇಲ್ಲ ಎನ್ನುವವರು ಯಾರು? ಹುಬ್ಬೆತ್ತಿದ ಮೇಲೆ ಹೌದು ಎನ್ನುವುದು ಯಾತಕ್ಕೆ? ನಾನೂ ಇಂಗ್ಲಿಷಿನಲ್ಲಿ ಹೇಳಲಿಲ್ಲ. ಪೆನ್ಸಿಲು ಎದುರಿಗೇ ಕೂತಿದ್ದಾನೆ, ಕಣ್ಣಿದೆ, ಅಂಗೈ ಹುಣ್ಣಿಗೆ ಕನ್ನಡಿ ಏಕೆ ಎಂದುಕೊಂಡೆ. ಆದರೆ ಅವನ ಕಣ್ಣು ನಕ್ಷೆಯ ಮೇಲಿತ್ತು. ಅವನು ಮುಖ ನೋಡಲೇ ಇಲ್ಲ. ಮುದುಕನಿಗೆ ಗೊತ್ತಿಲ್ಲವೆಂದು ತಿಳಿದು ಬಟ್ಟಲು ತುಂಬಿಸಿಕೊಂಡು ಬೇರೆ ಮಾತಿಗೆ ಹೋದ.

ಮರುವರ್ಷದ ವಸಂತದಲ್ಲಿ ಮುದುಕ ಕೆಮ್ಮಿ ಕೆಮ್ಮಿ ತೀರಿಕೊಂಡ. ಆ ಬೇಸಿಗೆಯಲ್ಲಿ ಟೇಪುಗಳು ಊರಿಗೆ ವಾಪಸು ಬಂದವು, ಜೊತೆಗೆ ಒಂದು ಟೈಪ್‌ರೈಟರ್. ಟೇಪಿನಲ್ಲಿ ಕೇಳಿಸುವುದನ್ನಷ್ಟೇ ಬರೆಯಬೇಕು, ನಿನ್ನದೇನೂ ಸೇರಿಸಬಾರದು, ಏನೂ ಕೇಳಿಸದಿದ್ದರೆ 'ಉತ್ತರವಿಲ್ಲ' ಎಂದು ಬರೆ ಎಂಬ ಸೂಚನೆ. ಶಾಲೆಯಲ್ಲಿ ಬೆರಳ ಗಂಟಿನ ಮೇಲೆ ಅಳತೆಕೋಲಿನ ಏಟು ತಿಂದು ಕಲಿತವಳು ನಾನು, ಸೂಚನೆ ಮೀರಲು ಗೊತ್ತೇ ಇರಲಿಲ್ಲ. ಆ ನಾಲ್ಕು ಜಾಗ ಬಂದಾಗ ಮುದುಕನ ಮುಖ ಕಣ್ಣೆದುರೇ ಇತ್ತು. ನಾಲ್ಕು ಸಲ ಟೈಪು ಮಾಡಿದೆ. ಒಂದೂ ತಪ್ಪಿಲ್ಲದೆ ಮಾಡಿದೆ. ಅಚ್ಚುಕಟ್ಟಾದ ಕೆಲಸವೆಂದು ಪ್ರಮಾಣಪತ್ರ ಬಂತು. ಗಡಿಯಾರದ ಕೆಳಗೆ ತೂಗುಹಾಕಿದ್ದೆನಲ್ಲ, ಚಿಕ್ಕಂದಿನಲ್ಲಿ ನೀನು ಅದಕ್ಕೆ ಮೀಸೆ ಬರೆದಿದ್ದೆ, ಅದೇ.

ಆಮೇಲೆ ಹುಡುಕುವವರು ಬರುತ್ತಲೇ ಇದ್ದರು. ನನ್ನ ಹಾಳೆ ನೋಡಿ, ಇಲ್ಲಿನ ಹಿರಿಯರಿಗೆ ಜಾಗ ಗೊತ್ತಿಲ್ಲ, ಪುಸ್ತಕದಲ್ಲಿರುವಂತೆ ಪಶ್ಚಿಮವೇ ಸರಿ ಎಂದು ಪ್ರತಿ ವರ್ಷವೂ ಅಲ್ಲೇ ಹುಡುಕಿದರು. ನಾನು ಒಂದೆರಡು ಸಲ ಅಂಗಡಿಯಲ್ಲಿ, ಭವನದಲ್ಲಿ, ನಮ್ಮಪ್ಪ ದಕ್ಷಿಣ ಎಂದಿದ್ದ ಎಂದೆ. ನಕ್ಕು ತಲೆಯಾಡಿಸಿದರು. ನನ್ನ ಹಾಳೆಯನ್ನೇ ನನಗೆ ತೋರಿಸಿದರು. ಜೋರಾಗಿ ಹೇಳಲಿಲ್ಲ ನಾನು. ಸತ್ತವರ ಹಡಗು, ಸತ್ತವರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಾದೆ.

2012ರ ಮೇ ತಿಂಗಳಲ್ಲಿ ಕೆಂಪುಗಡ್ಡ ಬಂದ. ಆ ವರ್ಷದ ತಂಡದ ನಾಯಕ. ಮಂಜಿನ ಮೇಲೆ ಮೋಟಾರು ಬಂಡಿಗಳ ಹಿಂದೆ ಯಂತ್ರ ಎಳೆದುಕೊಂಡು ಹೋದರೆ ಕೆಳಗಿನ ಕಬ್ಬಿಣ ಗೊತ್ತಾಗುತ್ತದೆ ಎಂದ. ದಾರಿ ತೋರಿಸಲು ನಿನ್ನ ತಂದೆಯನ್ನು ಕರೆದ. ಅವನಷ್ಟು ಮಂಜು ಬಲ್ಲವರು ಆಗ ಊರಲ್ಲಿ ಇರಲಿಲ್ಲ. ಹೊರಡುವ ಬೆಳಿಗ್ಗೆ ಇಬ್ಬರೂ ನಮ್ಮ ಅಡಿಗೆಮನೆಯಲ್ಲಿ ಕೂತು ಚಹಾ ಕುಡಿದರು. ಮೇಜಿನ ಮೇಲೆ ನಕ್ಷೆ, ನಕ್ಷೆಯ ಮೇಲೆ ನನ್ನ ಟೈಪು ಹಾಳೆಗಳು. ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಮಾರ್ಕೂಸೀ ಏನೋ ಕೇಳಿದ, ಆಮೇಲೆ ಎದ್ದು ಬಿಸಿ ರೊಟ್ಟಿಯೊಂದನ್ನು ಜೇಬಿಗೆ ತುರುಕಿಕೊಂಡು ಹೋದ. ಕೈಯಲ್ಲಿ ಹಿಟ್ಟಿದ್ದುದರಿಂದ ನಾನು ಅವನನ್ನು ಮುಟ್ಟಲಿಲ್ಲ.

ಮುಂದಿನದು ನಿನಗೆ ಗೊತ್ತು. ಮೂರನೆಯ ದಿನ ಜಲಸಂಧಿಯ ನಡುವೆ, ಮೇಲೆ ಗಟ್ಟಿ ಹಿಮ, ಕೆಳಗೆ ಸೆಳವು ತಿಂದ ತೆಳು ಮಂಜು. ಅವನ ಬಂಡಿ ಮುಂದಿತ್ತು. ಹಿಂದಿದ್ದವರು ಬರುವಷ್ಟರಲ್ಲಿ ಅಲ್ಲಿ ಕಪ್ಪು ನೀರು ಮಾತ್ರ ಇತ್ತು, ಅದರ ಮೇಲೆ ಅವನ ಒಂದು ಕೈಗವಸು. ಊರಿನ ಗಂಡಸರೆಲ್ಲ ಒಂಬತ್ತು ದಿನ ಹುಡುಕಿದರು. ಹಡಗಿನಂತೆ ಅವನೂ ಸಿಗಲಿಲ್ಲ. ಅಷ್ಟು ಬಲ್ಲವನು ಅಲ್ಲಿಗೆ ಯಾಕೆ ಹೋದ, ಅಹಂಕಾರ ಇರಬೇಕು ಎಂದು ಕೆಲವರು ಆಡಿಕೊಂಡರು. ನೀನು ಶಾಲೆಯಲ್ಲಿ ಅದನ್ನು ಕೇಳಿಸಿಕೊಂಡು ಬಂದೆ. ಆಮೇಲೆ ನಿನ್ನ ತಾಯಿ ನಿನ್ನನ್ನು ಕರೆದುಕೊಂಡು ತವರಿಗೆ, ಕೇಂಬ್ರಿಜ್ ಬೇ ಊರಿಗೆ ಹೋದಳು. ನಾನು ತಡೆಯಲಿಲ್ಲ.

ಮಾರ್ಕೂಸೀ ನೀರಿಗೆ ಹೋದ ಮೇಲೆ ನಾನು ಕೆಂಪುಗಡ್ಡನ ಡೇರೆಗೆ ಹೋಗಿ ಎಲ್ಲ ಹೇಳಿದೆ. ನಮ್ಮಪ್ಪ ಮೂರು ಸಲ ಇಲ್ಲ ಎಂದಿದ್ದ, ದಕ್ಷಿಣಕ್ಕೆ ಹೌದು ಎಂದಿದ್ದ ಎಂದು ಮೂಗು ಸುಕ್ಕಿಸಿ, ಹುಬ್ಬೆತ್ತಿ ತೋರಿಸಿದೆ. ಅವನ ಕಣ್ಣಲ್ಲಿ ನೀರು ಬಂತು. ಪುಸ್ತಕ ತೆಗೆದು ಬರೆದುಕೊಂಡ. ಏನು ಬರೆದೆ ಎಂದು ಕೇಳಿದೆ. ಮಗನನ್ನು ಕಳೆದುಕೊಂಡ ತಾಯಿಯ ಹೇಳಿಕೆ ಎಂದು ಬರೆದಿದ್ದ. ಮೂವತ್ತಮೂರು ವರ್ಷದ ಮೇಲೆ, ದುಃಖದಲ್ಲಿ, ನೆನಪು ಬದಲಾಗುತ್ತದೆ ಅಮ್ಮಾ ಎಂದು ಭುಜ ತಟ್ಟಿದ. ಚಪ್ಪಟೆ ದ್ವೀಪದ ಕಡೆ ಯಾರೂ ಹೋಗಲಿಲ್ಲ. ಈಗ ಹೋಗುವವರೂ ಇಲ್ಲ. ಅವತ್ತು ಆ ಕೋಣೆಯಲ್ಲಿದ್ದು ಮುದುಕನ ಮುಖ ಕಂಡವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ನಾನು ಹೋದರೆ ಆ ಹಡಗು ಎರಡನೆಯ ಸಲ ಮುಳುಗಿತು ಎಂದೇ ತಿಳಿ.

ಹಾಳೆಯನ್ನು ತಿದ್ದಿಸುತ್ತೇನೆ ಎಂದು ಬರೆದಿದ್ದೀಯ. ಬೇಡ ಎನ್ನುವುದಿಲ್ಲ. ಆದರೆ ಯಾವ ಆಧಾರದಿಂದ ಎಂದು ನಿನ್ನ ಮೇಲಿನವರು ಕೇಳುತ್ತಾರೆ, ನಿನ್ನ ಬಳಿ ಇರುವುದು ಬಟ್ಟಲಿನ ಸದ್ದು ಮಾತ್ರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ? ನಿನ್ನ ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡ.

ನಿನ್ನ ತಾಯಿಗೆ ಒಣಮೀನು ಕಳುಹಿಸಿದ್ದೇನೆ, ಅರ್ಧ ನಿನ್ನದು. ಟೊಪ್ಪಿ ಹಾಕಿಕೋ. ಮೆಕ್ಯಾನಿಕ್ ನಿಜವಾಗಿ ಒಳ್ಳೆಯವನಾದರೆ ಕರೆದುಕೊಂಡು ಬಾ, ಸೀಲ್ ಮಾಂಸ ತಿನ್ನುವಾಗ ಅವನ ಮುಖ ನೋಡಿ ಹೇಳುತ್ತೇನೆ. ನಿನ್ನ ಕಾಲ ಕೆಳಗಿನ ಮಂಜು ಯಾವಾಗಲೂ ಗಟ್ಟಿಯಾಗಿರಲಿ. ನಿನ್ನ ದೀಪದಲ್ಲಿ ಕೊಬ್ಬು ಬತ್ತದಿರಲಿ. ನೀನು ನನಗಿಂತ ತುಂಬ ತುಂಬ ಕಾಲ ಬಾಳು, ಅಪ್ಪಾ.

ನಿನ್ನ ಮಗಳು,
ಉವ್ಲೂರಿಯಾಕ್

ಮರೆತ ಮಾತು: ಮರೆತದ್ದಲ್ಲ, ಅಡಗಿಸಿದ್ದು. ಲಕೋಟೆ ಅಂಟಿಸಿ ನಾಲ್ಕು ದಿನ ಇಟ್ಟುಕೊಂಡಿದ್ದೆ. ಇವತ್ತು ಬೆಳಿಗ್ಗೆ ಕಿಲ್ಲಾಕ್‌ಳ ಮಗಳು ಹೆತ್ತಳು, ಗಂಡು ಮಗು. ನನ್ನ ಮಾತಿಗೆ ಕಾದು ಕಾದು ಸಾಕಾಗಿ ಬೇರೆ ಹೆಸರು ಇಟ್ಟರು. ಆ ಅಳು ಗೋಡೆಯಾಚೆಯಿಂದ ಕೇಳಿ ಲಕೋಟೆ ಹರಿದೆ.

ಆ ಬೆಳಿಗ್ಗೆ ಮಾರ್ಕೂಸೀ ಏನೋ ಕೇಳಿದ ಎಂದು ಮೇಲೆ ಬರೆದಿದ್ದೇನೆ. ಏನು ಕೇಳಿದ ಎಂದು ಬರೆದಿಲ್ಲ. ಕೆಂಪುಗಡ್ಡ ಆಗತಾನೇ ನನ್ನ ಹಾಳೆಗಳನ್ನು ಎತ್ತಿ ಹಿಡಿದು, ಇಡೀ ಉತ್ತರ ಸೀಮೆಯಲ್ಲಿ ಇಷ್ಟು ನಂಬಬಹುದಾದ ಬರಹ ಇನ್ನೊಂದಿಲ್ಲ ಎಂದು ಹೊಗಳಿದ್ದ. ನಿನ್ನ ತಂದೆ ಹೆಮ್ಮೆಯಿಂದ ನನ್ನನ್ನು ನೋಡಿದ. ಆಮೇಲೆ ನಮ್ಮ ಭಾಷೆಯಲ್ಲಿ, ಮೆಲ್ಲಗೆ ಕೇಳಿದ:

"ಅಮ್ಮಾ, ನೀನು ಅಲ್ಲೇ ಇದ್ದೆಯಲ್ಲ. ಹಡಗು ಪಶ್ಚಿಮದಲ್ಲಿದೆ ಅಂತ ಅಜ್ಜ ಒಪ್ಪಿದ್ನಾ? ನಮ್ಮವರು ಅಲ್ಲಿ ನಡೆದಿದ್ರೆ ಆ ಮಂಜು ತಡೆಯುತ್ತೆ. ನಡೆದಿಲ್ಲ ಅಂದ್ರೆ ನಾನು ಹೋಗಲ್ಲ."

ಇಲ್ಲ ಎಂದರೆ, ಹಾಗಾದರೆ ಉತ್ತರವಿಲ್ಲ ಎಂದು ಯಾಕೆ ಬರೆದೆ ಎಂದು ಅವನು ಆ ಮನುಷ್ಯನ ಎದುರಿಗೇ ಕೇಳುತ್ತಿದ್ದ. ಗೋಡೆಯ ಮೇಲೆ ಪ್ರಮಾಣಪತ್ರವಿತ್ತು. ಒಂದು ವಾರ ಸುತ್ತಾಡಿ ಬರಿಗೈಯಲ್ಲಿ ಬರುತ್ತಾರೆ, ಅಷ್ಟೇ ತಾನೇ ಎಂದುಕೊಂಡೆ. ಮಂಜಿನ ಬಗ್ಗೆ ಅವನು ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ನನ್ನ ಮಗನ ಮುಖ ನೋಡಿ ಎರಡೂ ಹುಬ್ಬು ಎತ್ತಿದೆ.

ಕೆಂಪುಗಡ್ಡ ಅದನ್ನು ಕಾಣಲಿಲ್ಲ. ಯಾವ ಟೇಪಿನಲ್ಲೂ ಅದಿಲ್ಲ. ಕಂಡವನು ನೀರಿನಲ್ಲಿದ್ದಾನೆ. ನಿನ್ನ ತಂದೆ ಅಹಂಕಾರದಿಂದ ಹೋಗಲಿಲ್ಲ ನಗ್ಯುಕ್, ಅಮ್ಮನನ್ನು ನಂಬಿ ಹೋದ. ಅವನ ಹೆಸರನ್ನು ಕೂಸಿಗೆ ಇಡಲು ನಾನು ಬಿಡದಿದ್ದುದು ಇದಕ್ಕೇ. ಅವನು ತಿರುಗಿ ಬಂದು, ತೊಟ್ಟಿಲಿನಿಂದ ನನ್ನ ಮುಖ ನೋಡುತ್ತಾನೆಂಬ ಭಯಕ್ಕೆ.

ನೀನು ಅವನ ಮಗಳು, ನನ್ನ ಅಪ್ಪನೂ ಹೌದು. ಇಬ್ಬರ ಪರವಾಗಿಯೂ ನಿನ್ನನ್ನೇ ಕೇಳಬೇಕು: ನನ್ನನ್ನು ಕ್ಷಮಿಸುತ್ತೀಯಾ? ಕಾಗದದಲ್ಲಿ ಬರೆಯಬೇಡ, ಫೋನಿನಲ್ಲಿ ಹೇಳಬೇಡ. ಬಂದು ಎದುರಿಗೆ ಕೂತುಕೋ, ಹುಬ್ಬಾಗಲಿ ಮೂಗಾಗಲಿ, ಈ ಸಲ ಸರಿಯಾಗಿ ನೋಡುತ್ತೇನೆ. ಬರದಿದ್ದರೆ ನಿನ್ನದು ತಪ್ಪಲ್ಲ. ಉತ್ತರವಿಲ್ಲ ಎಂದು ನಾನೇ ಬರೆದುಕೊಳ್ಳುತ್ತೇನೆ, ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.